ಭಂಡಾರ ಹಚ್ಚಿದ ಹಲಗೆ

ಸೊಲ್ಲಾಪುರ,
ಮಾಘ ಹುಣ್ಣಿಮೆಯ ಮರುದಿನ, 1954

ತಡವಳದ ಬೀರವ್ವನಿಗೆ, ಅಂದರೆ ನನ್ನ ಅವ್ವನಿಗೆ, ಪ್ರಹ್ಲಾದನ ನಮಸ್ಕಾರಗಳು.

ಮೊದಲು ಅಣ್ಣಾರಾಯ ಮಾಸ್ತರರಿಗೆ ಒಂದು ಮಾತು. ಮಾಸ್ತರರೇ, ಈ ಪತ್ರ ಓದಿ ಹೇಳುವವರು ನೀವೇ ಎಂದು ಬಲ್ಲೆ. ಹೋದ ಸಲ ನಾನು ಬರೆಯದ ಒಂದು ಸುಭಾಷಿತವನ್ನು ನೀವಾಗಿ ಸೇರಿಸಿ ಓದಿದಿರಂತೆ. ಆಮೇಲೆ ನಾನು ಊರಿಗೆ ಬಂದಾಗ ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಲ್ಲಾದ, ಯಾವಾಗಿಂದ ಸ್ವಾಮಿ ಆಗೀಯೋ?" ಎಂದು ಕೇಳಿದಳು. ಈ ಸಲ ಇದ್ದದ್ದು ಇದ್ದ ಹಾಗೆ ಓದಿ. ನಡುವೆ ಬೇಕಾದರೆ ನೀರು ಕುಡಿದು ಮುಂದಕ್ಕೆ ಓದಿ. ಅರ್ಧಕ್ಕೆ ಮಾತ್ರ ಬಿಡಬೇಡಿ.

ಅವ್ವ, ಮರೆಪ್ಪ ಸುಖವಾಗಿ ಬಂದು ಮುಟ್ಟಿದ. ಅಕ್ಕಲಕೋಟದಲ್ಲಿ ಮೋಟಾರು ಬದಲಿಸುವಾಗ ಕಂಡಕ್ಟರ ನೀನು ಕಟ್ಟಿಕೊಟ್ಟ ಕಂಬಳಿಯ ಗಂಟನ್ನು ಮೇಲಕ್ಕೆ ಎಸೆಯಲು ಕೈ ಹಾಕಿದ್ದ. "ಅದರಾಗ ದೇವ್ರ ಅದಾನ್ರಿ" ಎಂದೆ. ಅವನು ತಕ್ಷಣ ಕೈಮುಗಿದು, ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಧೋತರದವನನ್ನು ಎಬ್ಬಿಸಿ ಜಾಗ ಮಾಡಿಸಿಕೊಟ್ಟ. ದಂಡಿನ ಲಾರಿಯಲ್ಲಿ ತುದಿಯ ಜಾಗಕ್ಕಾಗಿ ದಿನಾ ಜಗಳ ತೆಗೆಯುತ್ತಿದ್ದ ನಿನ್ನ ಮಗ ಸೊಲ್ಲಾಪುರದವರೆಗೂ ಗಾಳಿ ತಿನ್ನುತ್ತ ಬಂದ. ನಾನು ನಿಂತೇ ಬಂದೆ.

ಆದರೆ ನಿನಗೆ ಬೇಕಾದ ಸುದ್ದಿ ಅದಲ್ಲ, ನನಗೆ ಗೊತ್ತು. ಅವನ ಮುಖಕ್ಕೆ ನಾನು ಕರಿ ಮಸಿ ಹಚ್ಚಿದೆನೋ ಇಲ್ಲವೋ ಎಂಬುದನ್ನು ಹೇಳು ಎನ್ನುತ್ತೀ. ಅದನ್ನೂ ಹೇಳುತ್ತೇನೆ. ಅದಕ್ಕಿಂತ ಮೊದಲು ಇನ್ನೊಂದು ಹೇಳುವುದಿದೆ. ಅವನ ಮುಖ ಕೆತ್ತಿದ ಆ ಹಲಗೆಯನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗ ನೀನು ನನ್ನನ್ನು ಒಂದು ಪ್ರಶ್ನೆ ಕೇಳಿದ್ದೆ. ನಾನು ಉತ್ತರ ಕೊಡದೆ ಎದ್ದು ಹೊರಗೆ ಹೋಗಿ ಕುರಿಗಳನ್ನು ನೋಡುತ್ತ ನಿಂತಿದ್ದೆ. ಆ ಪ್ರಶ್ನೆಗೆ ಉತ್ತರ ನನಗೆ ಈ ವಾರ ಸಿಕ್ಕಿತು. ಮಾಸ್ತರರಿಗೆ ಹಿಂದಿನದೆಲ್ಲ ಗೊತ್ತಿಲ್ಲ, ಅವರಿಗಾಗಿ ಮೊದಲಿಂದ ಹೇಳುತ್ತೇನೆ. ನಿನಗೆ ಬೇಸರವಾದರೆ ಉಣ್ಣೆ ನೂಲುತ್ತ ಕೇಳು.

ನಾನು ದಂಡಿಗೆ ಸೇರುವ ಮೊದಲು ಇಲ್ಲಿಯ ಒಂದು ಛಾಪಖಾನೆಯಲ್ಲಿ ಮರದ ಅಚ್ಚು ಕೆತ್ತುತ್ತಿದ್ದೆ. ನಾಟಕದ ಜಾಹೀರಾತಿನ ದೊಡ್ಡ ಅಕ್ಷರ, ಗಿರಣಿಯ ಬಟ್ಟೆಯ ಮೇಲೆ ಅಂಟಿಸುವ ಚೀಟಿಗೆ ಆನೆ, ನವಿಲು, ಲಕ್ಷ್ಮಿ. ಕೋರ್ಟಿನಲ್ಲಿ ಕಾರಕೂನನಾಗಿದ್ದ ನನ್ನ ಅಪ್ಪನಿಗೆ ಮಗ ಬಡಗಿಯಂತೆ ಉಳಿ ಹಿಡಿಯುವುದು ಸೇರುತ್ತಿರಲಿಲ್ಲ. ಒಂದು ದಿನ ಮಾತಿಗೆ ಮಾತು ಬೆಳೆಯಿತು. ನಾನು ಸಿಟ್ಟಿನಲ್ಲಿ ಹೋಗಿ ಪಲ್ಟನ್ನಿಗೆ ಹೆಸರು ಕೊಟ್ಟೆ. ಅಪ್ಪನ ಮೇಲಿನ ಸಿಟ್ಟಿಗೆ ಜರ್ಮನ್ನರ ಮೇಲೆ ಯುದ್ಧಕ್ಕೆ ಹೋದವನು ನಾನೊಬ್ಬನೇ ಇರಬೇಕು.

ಕವಾಯತಿನ ಮೊದಲ ವಾರ ಹೊಸ ಬೂಟು ಕಾಲು ಕಚ್ಚಿ, ಒಂದು ಮರದ ಕೆಳಗೆ ಕೂತು ನನಗೆ ಬರುವ ಕನ್ನಡದ ಬೈಗುಳವನ್ನೆಲ್ಲ ಆ ಬೂಟಿಗೆ ಬೈಯುತ್ತಿದ್ದೆ. ಸುತ್ತ ಎಲ್ಲರದೂ ಮರಾಠಿ, ಯಾರಿಗೆ ತಿಳಿಯಬೇಕು ಎಂಬ ಧೈರ್ಯ. ಹಿಂದಿನಿಂದ ಒಬ್ಬ, "ಏ, ನೀನೂ ನಮ್ಮಾವನ ಏನೋ? ಬೈಗುಳ ನಮ್ಮ ಕಡೀದ ಅದಾವ" ಎಂದ. ತಿರುಗಿ ನೋಡಿದರೆ ಬಿದಿರುಗಳುವಿನಂಥ ಆಳು, ಎಡಹುಬ್ಬಿನ ಮೇಲೆ ಹಳೆಯ ಗಾಯ. ನನ್ನ ಬೂಟು ಕಸಿದುಕೊಂಡು ಅದರೊಳಗೆ ಎಣ್ಣೆ ಸವರಿ, ರಾತ್ರಿಯಿಡೀ ಒದ್ದೆ ಜೋಳದ ಕಾಳು ತುಂಬಿಸಿಟ್ಟು ಮೆತ್ತಗೆ ಮಾಡಿಕೊಟ್ಟ. ಆ ಜೋಳವನ್ನು ಅಡಿಗೆಮನೆಯಿಂದ ಹೇಗೆ ತಂದ ಎಂದು ನಾನು ಕೇಳಲಿಲ್ಲ. ಅವತ್ತಿನಿಂದ ನಿನ್ನ ಮಗ ನನಗೆ ಅಣ್ಣನಾದ.

ನಿನಗೆ ಈ ಕತೆ ಗೊತ್ತು, ಆದರೂ ಇನ್ನೊಮ್ಮೆ ಹೇಳುತ್ತೇನೆ. ಇಟಲಿಯ ಒಂದು ಗುಡ್ಡದ ಹಳ್ಳಿಯಲ್ಲಿ ನಾವು ಬೀಡುಬಿಟ್ಟಾಗ ದೂರದಲ್ಲಿ ಕುರಿಗಳು ಕಂಡವು. ಮರೆಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಡ್ಡಿನ ಮೇಲೆ ಹತ್ತಿ, ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದು, ಗಂಟಲಿನಿಂದ ಉರುಳಿಸುವ ತನ್ನ ಆ ಕರೆ ಕರೆದ, "ಹುರ್ರ್ ಹೋ... ಬಾ, ಬಾ, ಬಾ!" ಅಲ್ಲಿಯ ಅಷ್ಟೂ ಕುರಿಗಳು ಒಮ್ಮೆಗೇ ತಲೆಯೆತ್ತಿ ಇತ್ತ ತಿರುಗಿದವು. ಆಮೇಲೆ ಸಾಲು ಹಿಡಿದು ನಮ್ಮ ಕಡೆ ಬರತೊಡಗಿದವು. ಅವುಗಳ ಹಿಂದೆ ಅವುಗಳ ಮುದುಕ ಒದರುತ್ತ ಓಡಿಬಂದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಕುರಿಗಿ ಯಾವ ಭಾಷಾನೋ ಮಳ್ಳ, ಗಂಟಲ ಒಂದ ಅಲ್ಲೇನು" ಎಂದ ಮರೆಪ್ಪ. ಆ ಮುದುಕ ಮೊದಲು ಬೈದು, ಆಮೇಲೆ ನಿನ್ನ ಮಗನ ಕೈ ಹಿಡಿದು ನೋಡಿ, ಅಂಗೈಯಲ್ಲಿ ಏನು ಕಂಡನೋ, ಒಂದು ಗಿಣ್ಣದ ಗಡ್ಡೆ ಕೊಟ್ಟು ಹೋದ. ಆ ಗಿಣ್ಣ ಕೆಟ್ಟ ನಾತ ಹೊಡೆಯುತ್ತಿತ್ತು. ಮರೆಪ್ಪ ಒಬ್ಬನೇ ತಿಂದ.

ನಾನು ಇದನ್ನು ಹೇಳಿದಾಗಲೆಲ್ಲ ನೀನು ಸೆರಗು ಬಾಯಿಗಿಟ್ಟು ನಗುತ್ತೀ. ಮುಂದಿನದನ್ನು ನೀನು ಯಾವತ್ತೂ ಕೇಳಲಿಲ್ಲ, ನಾನು ಹೇಳಲಿಲ್ಲ.

ಯುದ್ಧ ಮುಗಿದು ನಾನು ಮೊದಲ ಸಲ ತಡವಳಕ್ಕೆ ಬಂದ ದಿನ ನೆನಪಿದೆಯಾ? ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಂಠಪಾಠ ಮಾಡಿಕೊಂಡು ಬಂದಿದ್ದೆ. ನಿನ್ನ ಅಂಗಳದಲ್ಲಿ ಕಾಲಿಟ್ಟೊಡನೆ ಒಂದಕ್ಷರವೂ ಬಾಯಿಗೆ ಬರಲಿಲ್ಲ. ನೀನು ರೊಟ್ಟಿಯ ಮೇಲೆ ಶೇಂಗಾ ಹಿಂಡಿಯ ಪುಡಿ ಉದುರಿಸಿ, ಅದರ ಮೇಲೆ ಎಣ್ಣೆ ಸುರಿದು ಮುಂದಿಟ್ಟೆ. ನಾನು ಬ್ರಾಹ್ಮಣರವನೆಂದು ಓಣಿಯ ಹೆಂಗಸರು ಗುಸುಗುಸು ಎಂದರೆ, "ದಂಡಿನಾಗ ನನ್ನ ಮಗನ ತಾಟಿನಾಗ ಉಂಡಾನ, ಇನ್ನ ಯಾವ ಜಾತಿ" ಎಂದು ಅವರ ಬಾಯಿ ಮುಚ್ಚಿಸಿದೆ. ಸರಕಾರ ಕಳಿಸಿದ್ದ ಪದಕ ಎಲ್ಲಿ ಎಂದು ಹುಡುಕಿದರೆ ಅದು ನಿನ್ನ ಟಗರಿನ ಕೊರಳಲ್ಲಿತ್ತು. ಗಂಟೆಗೆ ತಾಗಿ ಚಲೋ ಸದ್ದು ಮಾಡುತ್ತದೆ ಎಂದೆ. ನನಗೆ ಅಳು ಬರುವುದರಲ್ಲಿತ್ತು, ನಗು ಬಂತು.

ನಿನಗೆ ಬೇಕಿದ್ದದ್ದು ಒಂದೇ, ಮಗನ ಮುಖ. ಒಂದೂ ಫೋಟೋ ಇರಲಿಲ್ಲ. ನಿಮ್ಮಲ್ಲಿ ಹೀಗೆ ಹೋದವರಿಗೆ ಬೆಳ್ಳಿಯ ತಗಡಿನಲ್ಲಿ ಅವರ ರೂಪದ ಟಾಕು ಮಾಡಿಸಿ, ದೇವರ ಜಗಲಿಯ ಮೇಲೆ ಕುಲದೇವರು ಬೀರೋಬನ ಪಕ್ಕ ಇಟ್ಟು ಪೂಜಿಸುತ್ತಾರೆ. ನೀನು ಅಕ್ಕಲಕೋಟದ ಅಕ್ಕಸಾಲಿಗನ ಹತ್ತಿರ ಹೋಗಿ, ಅವನು ತೋರಿಸಿದ ಟಾಕುಗಳನ್ನೆಲ್ಲ ನೋಡಿ, ಬಂದ ದಾರಿಗೆ ಸುಂಕವಿಲ್ಲ ಎಂದು ಬರಿಗೈಯಲ್ಲಿ ಬಂದೆ. "ಎಲ್ಲಾರಿಗೂ ಅದ ಕುದುರಿ, ಅದ ಮೀಸಿ, ಅದ ಕತ್ತಿ. ನನ್ನ ಮಗ ಕುದುರಿ ಹತ್ತಿದಾವಲ್ಲ, ಕುರಿ ಹಿಂದ ನಡದಾವ" ಎಂದೆ. ಆಗ ನಾನು ನನ್ನ ಹತ್ತಿರ ಅವನ ಮುಖ ಇದೆ ಎಂದು ಬಾಯಿಬಿಟ್ಟೆ.

ಆ ಮುಖವನ್ನು ನಾನು ಕೆತ್ತಿದ್ದು ಇಟಲಿಯ ದಂಡಿನ ಆಸ್ಪತ್ರೆಯಲ್ಲಿ. ಮದ್ದುಗುಂಡು ತುಂಬಿ ಬಂದ ಪೆಟ್ಟಿಗೆಯ ಮುಚ್ಚಳ, ಬಡಗಿಯಿಂದ ಬೇಡಿತಂದ ಒಂದು ಉಳಿ. ಅದಕ್ಕೆ ಸ್ವಲ್ಪ ಮೊದಲು, ಬಾಂಬು ಬಿದ್ದು ಛಾವಣಿ ಹಾರಿಹೋದ ಒಂದು ಸಾಲೆಯಲ್ಲಿ ಗೋಡೆಗೆ ಅಂಟಿದ್ದ ಚಿತ್ರಗಳನ್ನು ನೋಡಿದ್ದೆ. ಬರೀ ಕಪ್ಪು ಬಿಳಿ. ಕೊಡಲಿಯಿಂದ ಕಡಿದಂಥ ಕೆನ್ನೆಗಳು, ಬಾವಿಯಂಥ ಕಣ್ಣುಗಳು. ಅಲ್ಲಿಯವರೆಗೆ ಲಕ್ಷ್ಮಿಯ ಬಳೆಗಳನ್ನು ಒಂದೊಂದಾಗಿ ಕೆತ್ತುತ್ತಿದ್ದ ನನಗೆ, ಮರದ ಮೇಲೆ ಸಿಟ್ಟನ್ನೂ ಕೆತ್ತಬಹುದು ಎಂದು ಅಲ್ಲೇ ತಿಳಿದದ್ದು. ನನ್ನ ಮೈಯಲ್ಲಿ ಆಗ ಸಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಗೆರೆ ಎಳೆದುಕೊಳ್ಳದೆ, ಅಳತೆ ಹಿಡಿಯದೆ, ನೇರವಾಗಿ ಮರಕ್ಕೆ ಉಳಿ ಹಾಕಿದೆ. ತೆರೆದ ಬಾಯಿ, ಅದರ ಸುತ್ತ ಹೊಗೆ, ನಡುವೆ ನಿನ್ನ ಮಗ.

ನನ್ನ ಪ್ರಕಾರ ಆ ಬಾಯಿ ನೋವಿನಿಂದ ಚೀರುತ್ತಿತ್ತು. ಹಲಗೆಗೆ ಮಸಿ ಹಚ್ಚಿ ಕಾಗದದ ಮೇಲೆ ಅಚ್ಚು ತೆಗೆದು ಪುಣೆಯ ಒಂದು ಪ್ರದರ್ಶನದಲ್ಲಿ ತೂಗುಹಾಕಿದಾಗ ಅದಕ್ಕೆ 'ಚೀತ್ಕಾರ' ಎಂದೇ ಹೆಸರು ಕೊಟ್ಟೆ. ನೋಡಿದವರು ತಲೆದೂಗಿದರು. ಒಬ್ಬ ದೊಡ್ಡ ಮನುಷ್ಯ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ.

ನೀನು ಮಾತ್ರ ಆ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿ, "ಇವ ನನ್ನ ಮಗ ಅಲ್ಲ ತಮ್ಮಾ" ಎಂದು ಮಡಚಿ ಕೊಟ್ಟುಬಿಟ್ಟೆ.

ಎಷ್ಟು ಸಿಟ್ಟು ಬಂದಿತ್ತು ಗೊತ್ತಾ ನಿನ್ನ ಮೇಲೆ! ಹಳ್ಳಿಯ ಮುದುಕಿಗೆ ಇಂಥ ಚಿತ್ರ ಹೇಗೆ ತಿಳಿಯಬೇಕು ಎಂದು ಗೊಣಗುತ್ತ ಸೊಲ್ಲಾಪುರಕ್ಕೆ ಬಂದೆ. ಮನೆಯಲ್ಲಿ ಕಾಗದವನ್ನೂ ಹಲಗೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನೆಲ ಬಾಯಿಬಿಡಬಾರದೆ ಎನಿಸಿತು. ಅಚ್ಚು ಕೆತ್ತುವವನಿಗೆ ಮೊದಲ ದಿನ ಕಲಿಸುವ ಪಾಠವೆಂದರೆ, ಹಲಗೆಯ ಮೇಲೆ ಎಲ್ಲ ತಿರುವುಮುರುವಾಗಿ ಕೆತ್ತಬೇಕು, ಆಗಲೇ ಕಾಗದದ ಮೇಲೆ ನೆಟ್ಟಗೆ ಬರುತ್ತದೆ. ಇಷ್ಟು ವರ್ಷ ಕಸುಬು ಮಾಡಿದ ನಾನು ಆ ದಿನ ಅದನ್ನು ಮರೆತಿದ್ದೆ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಕೆತ್ತಿದ್ದೆ. ಚಿಕ್ಕಂದಿನಲ್ಲಿ ಟಗರು ಹಾಯ್ದ ಗಾಯ ಹಲಗೆಯ ಮೇಲೆ ಎಡಹುಬ್ಬಿಗೇ ಇತ್ತು, ಕಾಗದದಲ್ಲಿ ಬಲಹುಬ್ಬಿಗೆ ಹಾರಿತ್ತು. ಪುಣೆಯವರು ಯಾರೂ ಹಿಡಿಯಲಿಲ್ಲ. ಅವರಿಗೆ ಆ ಹುಬ್ಬಿನಿಂದ ರಕ್ತ ಒರೆಸಿ ಗೊತ್ತಿರಲಿಲ್ಲವಲ್ಲ.

ಮುಂದಿನ ಸಲ ಹಲಗೆಯನ್ನೇ ತಂದೆ. ನೀನು ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಹುಬ್ಬಿನ ಮೇಲೆ ಹೆಬ್ಬೆರಳು ಆಡಿಸಿದೆ. ಆಮೇಲೆ ಆ ಪ್ರಶ್ನೆ ಕೇಳಿದೆ. "ಕೈ ಅಡ್ಡ ಹಿಡದ ಯಾರನ್ನ ಕರಿಯಾಕತ್ತಾನೋ ಇವ?"

ನಾನು ಎದ್ದು ಹೊರಗೆ ಹೋದೆ. ನಿನ್ನ ಕಣ್ಣು ಮಂಜಾಗಿದೆ, ಹೊಗೆಯನ್ನು ಕೈ ಎನ್ನುತ್ತಿದ್ದೀ, ಚೀರುವುದನ್ನು ಕರೆಯುವುದು ಎನ್ನುತ್ತಿದ್ದೀ, ಹಾಗೇ ಅಂದುಕೊಂಡಿರಲಿ, ತಾಯಿಗೆ ಅಷ್ಟಾದರೂ ಸಮಾಧಾನ ಇರಲಿ ಎಂದುಕೊಂಡೆ. ಒಳಗೆ ಬರುವಷ್ಟರಲ್ಲಿ ನೀನು ಹುಣಸೆಹಣ್ಣು, ಬೂದಿ ಹಚ್ಚಿ ಹಿತ್ತಾಳೆಯ ಕೊಡ ತಿಕ್ಕಿದ ಹಾಗೆ ಹಲಗೆಯನ್ನು ತಿಕ್ಕುತ್ತಿದ್ದೆ! ನನ್ನ ಗೆರೆಗಳೆಲ್ಲ ಹೋದವು ಎಂದು ಬಾಯಿ ಬಾಯಿ ಬಡಿದುಕೊಂಡೆ. ನೀನು ತಿರುಗಿಯೂ ನೋಡಲಿಲ್ಲ. ಮಸಿ ತೊಳೆದು, ಎಣ್ಣೆ ಹಚ್ಚಿ, ಹಿಡಿ ತುಂಬ ಅರಿಸಿನದ ಭಂಡಾರ ತೂರಿ, ಜಗಲಿಯ ಮೇಲೆ ಬೀರೋಬನ ಪಕ್ಕದಲ್ಲಿ ಕೂಡಿಸಿದೆ. ನನಗೆ ಹಲಗೆ ಎಂದರೆ ರಸ ಹಿಂಡಿದ ಮೇಲಿನ ಸಿಪ್ಪೆ, ಕಾಗದವೇ ಹಣ್ಣು. ನಿನಗೆ ಕಾಗದವೇ ಸಿಪ್ಪೆ. ಇರಲಿ ಬಿಡು ಎಂದು ಬಿಟ್ಟುಕೊಟ್ಟೆ.

ಇನ್ನು ಮುಂಬಯಿಯವರ ಸುದ್ದಿ. ಅಲ್ಲಿಯ ಚಿತ್ರಕಾರರ ಒಂದು ಸಂಘದವರು ನನ್ನ ಯುದ್ಧದ ಅಚ್ಚುಗಳನ್ನೆಲ್ಲ ಒಂದೇ ಕಡೆ ತೋರಿಸುತ್ತೇವೆ ಎಂದು ಬರೆದರು. ಷರತ್ತು ಒಂದೇ, 'ಚೀತ್ಕಾರ' ಇರಲೇಬೇಕು, ಅದಿಲ್ಲದಿದ್ದರೆ ಪ್ರದರ್ಶನವೇ ಬೇಡ. ನನ್ನ ಹತ್ತಿರ ಅದರ ಒಂದು ಪ್ರತಿಯೂ ಉಳಿದಿರಲಿಲ್ಲ. ಎಲ್ಲವನ್ನೂ ಅವರಿವರಿಗೆ ಕೊಟ್ಟಿದ್ದೆ. ಹೊಸದಾಗಿ ತೆಗೆಯಬೇಕೆಂದರೆ ಹಲಗೆ ಬೇಕು, ಹಲಗೆ ನಿನ್ನ ಜಗಲಿಯ ಮೇಲಿದೆ. ಅವ್ವ, ಸುಳ್ಳು ಹೇಳುವುದಿಲ್ಲ, ನನಗೆ ಆಸೆ ಆಯಿತು. ನಾಟಕದ ಜಾಹೀರಾತು ಕೆತ್ತುತ್ತ ಕೂದಲು ಪೂರ್ತಿ ನರೆಯುವ ಮೊದಲು ಒಮ್ಮೆಯಾದರೂ ನನ್ನ ಕೆಲಸವನ್ನು ನಾಲ್ಕು ಜನ ನಿಂತು ನೋಡಲಿ ಎಂಬ ಆಸೆ.

ಹೋದ ವಾರ ಬಂದು ಕೇಳಿದಾಗ ನೀನು ಜಗಳಾಡುತ್ತೀ ಎಂದುಕೊಂಡಿದ್ದೆ. ಜಗಳಕ್ಕೆ ತಯಾರಾಗಿಯೇ ಬಂದಿದ್ದೆ. ನೀನು, "ಒಯ್ಯಪ್ಪ. ದೇವ್ರು ಊರಿಗಿ ಹೋಗತಾವ, ಬರತಾವ" ಎಂದೆ. ಆಮೇಲೆ, "ಮಾರಿಗಿ ಕರೇದು ಮಾತ್ರ ಹಚ್ಚಬ್ಯಾಡ. ಎಷ್ಟ ತಿಕ್ಕೀನಿ ಗೊತ್ತೈತೇನು, ಅದು ಹೋಗಾಕ?" ಎಂದೆ. ಕರಿ ಹಚ್ಚದೆ ಅಚ್ಚು ಬರುವುದಿಲ್ಲ ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ನೀನು ಕಂಬಳಿ ಹಾಸುತ್ತಿದ್ದೆ. ಕಂಬಳಿಯಲ್ಲಿ ಸುತ್ತಿ ಗಂಟು ಹಾಕಿ ನನ್ನ ತೋಳಿಗೆ ಕೊಟ್ಟೆ. ಮೋಟಾರಿನವರೆಗೆ ಬಂದವಳು ಗಂಟಿನ ಮೇಲೆ ಒಮ್ಮೆ ಕೈಯಿಟ್ಟು ಹಿಂತಿರುಗಿ ನೋಡದೆ ಹೋದೆ. ನೀನು ನಾಲ್ಕು ಬೈದಿದ್ದರೆ ನನಗೆ ಬಹಳ ಹಗುರಾಗುತ್ತಿತ್ತು.

ಮನೆಗೆ ತಂದು ಬಿಚ್ಚಿ ಮೇಜಿನ ಮೇಲಿಟ್ಟೆ. ದ್ವಾರಕಾ ನೋಡಿದಳು. ಅಚ್ಚು ತೆಗೆಯುವಾಗ ಕಾಗದ ಉಜ್ಜಲು ಅವಳ ಅನ್ನದ ಸೌಟನ್ನು ಒಯ್ದು ಕರ್ರಗೆ ಮಾಡುತ್ತೇನೆಂದು ಅವಳಿಗೂ ನನಗೂ ಮದುವೆಯಾದಂದಿನಿಂದ ವ್ಯಾಜ್ಯ. ಅವತ್ತು ಸೌಟಿನ ಮಾತೇ ಎತ್ತಲಿಲ್ಲ. ಒಳಗೆ ಹೋಗಿ ತಟ್ಟೆಯಲ್ಲಿ ರೊಟ್ಟಿ, ಹಿಂಡಿ ತಂದು ಹಲಗೆಯ ಮುಂದಿಟ್ಟು, "ದೂರದಿಂದ ಬಂದಾರ, ಮೊದಲ ಊಟಾ ಆಗ್ಲಿ" ಎಂದಳು. ನಿನಗೂ ಅವಳಿಗೂ ಒಳಗಿಂದೊಳಗೆ ಏನೋ ಒಪ್ಪಂದವಿದೆ ಎಂದು ನನ್ನ ಗುಮಾನಿ.

ಊಟವಾಯಿತು. ಮಸಿ ಕಲಸಿದೆ. ಉರುಳೆಯ ಮೇಲೆ ತೆಳ್ಳಗೆ ಹರಡಿದೆ. ಮೊದಲು ಹಲಗೆಯಿಂದ ಎಣ್ಣೆ, ಭಂಡಾರ ತೆಗೆಯಬೇಕೆಂದು ಅರಿವೆಗೆ ಸೀಮೆಎಣ್ಣೆ ಸುರಿದುಕೊಂಡು ಬಗ್ಗಿದೆ. ಅರಿಸಿನದ ವಾಸನೆ, ಕುರಿಯ ಉಣ್ಣೆಯ ವಾಸನೆ, ಹಳೆಯ ಎಣ್ಣೆಯ ವಾಸನೆ ಒಟ್ಟಿಗೆ ಮೂಗಿಗೆ ಬಂತು. ಲಾರಿಯಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೊಡೆಯುತ್ತಿದ್ದವನ ವಾಸನೆ ಅದು. ಅವನು ಸತ್ತಮೇಲೆ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಅರಿವೆ ಕೆಳಗಿಟ್ಟೆ, ನನ್ನಿಂದ ಆಗಲಿಲ್ಲ.

ಇಲ್ಲ ಅವ್ವ, ಕರಿ ಹಚ್ಚಲಿಲ್ಲ. ಇನ್ನು ನೆಮ್ಮದಿಯಿಂದ ಕೇಳು.

ಬೇರೆ ದಾರಿ ಒಂದೇ ಇತ್ತು. ಹೊಸ ಹಲಗೆ ಕೆತ್ತುವುದು, ಈ ಸಲವಾದರೂ ತಿರುವುಮುರುವಾಗಿ. ಛಾಪಖಾನೆಯಿಂದ ಒಂದು ಸಾಗವಾನಿ ಹಲಗೆ ತಂದೆ. ಮರೆಪ್ಪನನ್ನು ಗೋಡೆಗೆ ಒರಗಿಸಿ, ಅವನಿಗೆ ಬೆನ್ನು ಮಾಡಿ ಕೂತು, ಗಡ್ಡ ಹೆರೆಯುವ ಕನ್ನಡಿಯನ್ನು ಎದುರಿಗೆ ನಿಲ್ಲಿಸಿದೆ. ಕನ್ನಡಿಯಲ್ಲಿ ಕಂಡಂತೆ ಕೆತ್ತಿದರೆ ಕಾಗದದ ಮೇಲೆ ನಿಜವಾದ ಮುಖ ಬರುತ್ತದೆ. ಲೆಕ್ಕ ಸರಿಯಾಗಿತ್ತು. ಆದರೆ ಕನ್ನಡಿಯಲ್ಲಿ ನನ್ನ ಹೆಗಲ ಹಿಂದೆ ಅವನು, ಮುಂದೆ ನಾನು. ಅವನು ಹೋದಾಗಿನ ವಯಸ್ಸಿನಲ್ಲೇ ಇದ್ದಾನೆ, ನನ್ನ ಕಿವಿಯ ಮೇಲೆ ಬೆಳ್ಳಗಾಗಿದೆ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಕಂಡು ಎಷ್ಟು ವರ್ಷವಾಗಿತ್ತು! ಉಳಿ ಹಿಡಿದುಕೊಂಡು ಮನಸಾರೆ ಅತ್ತೆ ಅವ್ವ. ಅತ್ತ ಮೇಲೆ ಮೂಗು ಒರೆಸಿಕೊಂಡು ಕೆಲಸಕ್ಕೆ ಕೂತೆ.

ಇನ್ನೊಬ್ಬರ ಕೆತ್ತನೆ ನೋಡಿ ಕೆತ್ತುವಾಗ ಅವರ ಕೈ ಹೋದ ದಾರಿಯಲ್ಲೇ ನಮ್ಮ ಕೈ ಹೋಗಬೇಕಾಗುತ್ತದೆ. ಇಲ್ಲಿ ಆ ಇನ್ನೊಬ್ಬ ನಾನೇ. ಹುಬ್ಬಾಯಿತು, ಕೆನ್ನೆಯಾಯಿತು, ಬಾಯಾಯಿತು. ಬಾಯಿಯ ಪಕ್ಕದ ಹೊಗೆಗೆ ಬಂದೆ. ಹೊಗೆ ಎಂದ ಮೇಲೆ ಹರಡಬೇಕು, ಇದು ಹರಡುತ್ತಿರಲಿಲ್ಲ. ಉಳಿ ಕೆಳಗಿನಿಂದ ಮೇಲಕ್ಕೆ ಹೋಗಿ ನಿಂತಿತು. ಪಕ್ಕದಲ್ಲಿ ಮತ್ತೊಂದು ಗೀರು, ಅದೂ ಮೇಲಕ್ಕೆ ಹೋಗಿ ನಿಂತಿತು. ಅದರ ಪಕ್ಕ ಇನ್ನೊಂದು. ಎಲ್ಲಕ್ಕಿಂತ ಕೆಳಗೆ ಗಿಡ್ಡದೊಂದು, ಅಡ್ಡಕ್ಕೆ. ಅದು ಹೆಬ್ಬೆರಳು. ನನ್ನ ಎಡಗೈ ತಾನಾಗಿ ಎದ್ದು ನನ್ನ ಬಾಯಿಗೆ ಅಡ್ಡ ಬಂತು, ಸರಿಯಾಗಿ ಆ ಗೀರುಗಳು ಇದ್ದ ಹಾಗೆ.

ಹಾಗೇ ಕೂತಿದ್ದವನನ್ನು ನೋಡಿ ದ್ವಾರಕಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ನಕ್ಕಳು. "ಅಯ್ಯ, ಹಿಂಗ್ಯಾಕ ಕೂತೀರಿ? ಯಾರನ್ನ ಕರೀಲಿಕತ್ತೀರಿ?" ಎಂದಳು. ನೀನು ಏನು ಕೇಳಿದ್ದೆ ಎಂದು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

ಮಾಸ್ತರರೇ, ಇಲ್ಲಿಂದ ಸಾವಕಾಶವಾಗಿ ಓದಿ.

ಅವ್ವ, ಮರೆಪ್ಪ ಬಿದ್ದ ಆ ಇಟಲಿಯ ಹೊಳೆ ನಮ್ಮ ಬೋರಿ ನದಿಗಿಂತ ದೊಡ್ಡದೇನಲ್ಲ. ಎರಡೂ ಕಡೆ ಆಳಿಗಿಂತ ಎತ್ತರದ ಮಣ್ಣಿನ ಒಡ್ಡು. ಆಚೆಯ ಒಡ್ಡಿನ ಹಿಂದೆ ಜರ್ಮನ್ನರು, ಈಚೆಯ ಒಡ್ಡಿನ ಹಿಂದೆ ನಾವು. ಬೆಳಗಿನ ಹೊತ್ತು ನಾವು ಕೆಲವರು ನೀರು ದಾಟಿದೆವು. ನಾನು ಫೋನಿನ ತಂತಿಯ ಸುರುಳಿ ಹೊತ್ತು ಹಿಂದೆ ಹೋದೆ. ಮರೆಪ್ಪನ ತುಕಡಿ ಈಚೆಯ ದಂಡೆಯಲ್ಲೇ ಉಳಿಯಿತು. ದಾಟಿದ ಮೇಲೆ ತಿಳಿಯಿತು, ಅಲ್ಲಿ ನಿಲ್ಲುವುದು ಸಾಧ್ಯವಿಲ್ಲ, ಹಿಂದೆ ಬರಬೇಕು. ಅಷ್ಟರಲ್ಲಿ ಹೊಗೆ ತುಂಬಿ ಯಾವ ದಂಡೆ ಎತ್ತ ಎಂಬುದೇ ಕಾಣದಾಯಿತು. ನನ್ನ ಹತ್ತಿರವೇ ಒಂದು ಗುಂಡು ಸಿಡಿಯಿತು. ಅವತ್ತಿನಿಂದಲೇ ನನ್ನ ಎಡಗಿವಿ ಕಿವುಡು. ಆ ಹೊತ್ತಿಗಂತೂ ಎರಡೂ ಕಿವಿ ಸತ್ತಿದ್ದವು. ಜಗತ್ತಿನಲ್ಲಿ ಒಂದು ಸಣ್ಣ ಸದ್ದೂ ಇರಲಿಲ್ಲ.

ನಾನು ನೋಡಿದ್ದು ಇಷ್ಟೇ. ಹೊಗೆ ಒಂದು ಕಡೆ ಹರಿದು ಒಡ್ಡಿನ ತುದಿ ಕಂಡಿತು. ಅದರ ಮೇಲೆ ಮರೆಪ್ಪ ನಿಂತಿದ್ದ. ಎಲ್ಲರೂ ನೆಲಕ್ಕೆ ಕಚ್ಚಿಕೊಂಡಿದ್ದ ಹೊತ್ತಿನಲ್ಲಿ ಅವನೊಬ್ಬನೇ ಪೂರ್ತಿ ಎದ್ದು ನಿಂತಿದ್ದ, ಬಾಯಿ ತೆರೆದುಕೊಂಡು. ಆಮೇಲೆ ಹೊಗೆ ಮುಚ್ಚಿತು. ನನ್ನ ಸುತ್ತ ನೀರಿನಲ್ಲಿ ದಿಕ್ಕು ತಪ್ಪಿ ತಡಕಾಡುತ್ತಿದ್ದವರು ಎಲ್ಲರೂ ಒಮ್ಮೆಗೇ ತಲೆಯೆತ್ತಿ ಒಂದೇ ಕಡೆಗೆ ತಿರುಗಿದರು. ಸಾಲು ಹಿಡಿದು ಆ ಕಡೆ ನಡೆದರು. ನನಗೇನೂ ಕೇಳದಿದ್ದರೂ ಮುಂದಿನವನ ಸೊಂಟದ ಪಟ್ಟಿ ಹಿಡಿದು ನಾನೂ ನಡೆದೆ. ಒಡ್ಡು ಹತ್ತಿ ಬರುವಷ್ಟರಲ್ಲಿ ಅವನು ಬಿದ್ದಿದ್ದ. ಪ್ರಾಣ ಹೋಗಿತ್ತು, ಒದ್ದಾಡಿದ ಗುರುತು ಇರಲಿಲ್ಲ. ಬಾಯಿ ಇನ್ನೂ ತೆರೆದಿತ್ತು.

ನಾನು ಆ ಬಾಯಿಯನ್ನೇ ಹೊತ್ತುಕೊಂಡು ಬಂದೆ. ನೋವಿನಿಂದ ಚೀರುತ್ತ ಸತ್ತ ಎಂದು ತಿಳಿದೆ. ಜೊತೆಗಿದ್ದ ಉಳಿದವರನ್ನು ಕೇಳಬಹುದಿತ್ತು. ಬಾಯಿ ನೋಡಿದ ಮೇಲೆ ಕೇಳುವುದೇನಿದೆ ಎಂದುಕೊಂಡೆ, ಮುಂದೆ ಅವರೂ ದಿಕ್ಕಿಗೊಬ್ಬರಾದರು. ಅದಕ್ಕೇ ನಿನ್ನ ಮುಂದೆ ಬಾಯಿ ಬರುತ್ತಿರಲಿಲ್ಲ. ಎಂಥ ಸಾವು ಬಂತು ನಿನ್ನ ಮಗನಿಗೆ ಎಂದು ಯಾವ ನಾಲಿಗೆಯಿಂದ ಹೇಳಲಿ?

ಕೈ ಮಾತ್ರ ಕಂಡದ್ದನ್ನು ಕಂಡ ಹಾಗೇ ಕೆತ್ತಿತ್ತು. ನೋವು ತಿನ್ನುವವನು ಗಾಯ ಹಿಡಿದುಕೊಳ್ಳುತ್ತಾನೆ, ಬಾಯಿಗೆ ಕೈ ಅಡ್ಡ ಹಿಡಿಯುವುದಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದರೆ ಎಲ್ಲ ತಲೆಗಳೂ ಒಮ್ಮೆಗೇ ಎದ್ದು ತಿರುಗುವುದನ್ನು ನಾನು ಮೊದಲೇ ಒಮ್ಮೆ ನೋಡಿದ್ದೆ, ಆ ಗುಡ್ಡದ ಹಳ್ಳಿಯಲ್ಲಿ, ಹೊಟ್ಟೆ ಹಿಡಿದುಕೊಂಡು ನಗುತ್ತ. ಹೊಗೆಯಲ್ಲಿ ದಾರಿ ಕಾಣದ ನಮಗೆ ಅವನು ಮರಾಠಿಯಲ್ಲಿ ಕೂಗಲಿಲ್ಲ, ಹುಕುಮಿನ ಮಾತು ಕೂಗಲಿಲ್ಲ. ತನ್ನ ಹತ್ತಿರ ಇದ್ದದ್ದನ್ನು ಕೂಗಿದ. ಬಗ್ಗಿ ಕೂತು ಕೂಗಿದ್ದರೆ ಬದುಕುತ್ತಿದ್ದನೇನೋ. ಆದರೆ ಬಗ್ಗಿ ಕೂತು ಕರೆದರೆ ದನಿ ನೀರಿನಾಚೆ ಮುಟ್ಟುವುದಿಲ್ಲ ಎಂದು ಕುರುಬನಿಗೆ ಹೇಳಿಕೊಡಬೇಕೆ?

ಇದನ್ನು ಕೇಳಿ ನೀನು ಅಳುತ್ತೀ. ಅಳು, ನಾನೂ ಅತ್ತಿದ್ದೇನೆ. ಆದರೆ ಇಷ್ಟು ದಿನ ಚೀರುವ ಮಗನನ್ನು ನೆನೆದು ಅಳುತ್ತಿದ್ದವನು ನಾನು, ನೀನಲ್ಲ. ನೀನು ಮೊದಲ ದಿನವೇ ಅವನನ್ನು ಗುರುತಿಸಿದ್ದೆ.

ಭಂಡಾರದ ಹಲಗೆಯನ್ನು ನಾನೇ ತಂದು ನಿನ್ನ ಜಗಲಿಯ ಮೇಲೆ ಕೂಡಿಸುತ್ತೇನೆ, ಬರುವ ರವಿವಾರ. ಇನ್ನು ಅದು ಯಾವ ಊರಿಗೂ ಹೋಗುವುದಿಲ್ಲ. ಮುಂಬಯಿಗೆ ಸಾಗವಾನಿ ಹಲಗೆಯ ಅಚ್ಚು ಹೋಗುತ್ತದೆ. ಅದು 'ಚೀತ್ಕಾರ' ಅಲ್ಲ ಎಂದು ಅವರು ತಕರಾರು ಮಾಡಿದರೆ ಮಾಡಲಿ, ಪ್ರದರ್ಶನ ಬೇಡವೆಂದರೆ ಬಿಡಲಿ. ನನಗೆ ಹೆಸರು ಬಂದರೆ ಸಂತೋಷ, ಬರದಿದ್ದರೆ ನಾಟಕದ ಕಂಪನಿಗಳು ಇನ್ನೂ ಮುಚ್ಚಿಲ್ಲ. ಕಾಗದದ ಕೆಳಗೆ ನಾನು ಬರೆದದ್ದು ಒಂದೇ ಸಾಲು: 'ತಡವಳದ ಮರೆಪ್ಪ ಕರೆಯುತ್ತಿದ್ದಾನೆ.' ಅದರ ಮೊದಲ ಪ್ರತಿ ಈ ಪತ್ರದೊಳಗೇ ಇದೆ. ಮಾಸ್ತರರು ಬಿಡಿಸಿ ಕೊಡಲಿ, ನೀನು ಬಿಸಿಲಿಗೆ ಹಿಡಿದು ನೋಡು. ಗಾಯ ಎಡಹುಬ್ಬಿಗೇ ಇದೆ. ಆದರೂ ಅವನಲ್ಲ ಎನಿಸಿದರೆ ಈ ಸಲವೂ ಮಡಚಿ ಕೊಟ್ಟುಬಿಡು, ಸಿಟ್ಟಾಗುವುದಿಲ್ಲ.

ದ್ವಾರಕಾ ನಿನಗೆ ನಮಸ್ಕಾರ ಹೇಳಿದ್ದಾಳೆ. ರವಿವಾರ ಅವಳೂ ಬರುತ್ತಾಳೆ, ನಿನ್ನ ಕೈಯ ರೊಟ್ಟಿ ತಿನ್ನಬೇಕಂತೆ. ಟಗರಿಗೆ ಒಂದು ಹಿಡಿ ಹೆಚ್ಚು ಹಾಕು, ಪದಕದ ಟಗರು ಅದು. ಬೀರೋಬ ನಿನ್ನ ಕಣ್ಣು ಹೀಗೇ ಚೊಕ್ಕವಾಗಿ ಇಟ್ಟಿರಲಿ, ನಿನ್ನ ಹಟ್ಟಿ ತುಂಬಿರಲಿ.

ಅವ್ವ, ಅವನು ಯಾರನ್ನು ಕರೆಯುತ್ತಿದ್ದ ಎಂದು ಕೇಳಿದ್ದೆಯಲ್ಲ. ನಮ್ಮನ್ನು. ನಾವು ಬಂದೆವು.

ಕರೆದಾಗ ತಿರುಗಿ ಬಂದವರಲ್ಲಿ ಒಬ್ಬ,
ನಿನ್ನ ಪಲ್ಲಾದ